ಕೈಗುಣ ಡಾಕ್ಟರದು, ಬೈಗುಳ ಸಿಸ್ಟರಿಗೆ

ಆಸ್ಪತ್ರೆಯ ಮಂಚ ಏರಿದ ಕೂಡಲೇ ಕೆಲವು ಗಂಡಸರಿಗೆ ರಾಜಕಳೆ ಬಂದುಬಿಡುತ್ತದೆ. ತಲೆದಿಂಬಿನ ಪಕ್ಕದ ಗುಂಡಿ ಒತ್ತಿದರೆ ಯಾರೋ ಓಡಿ ಬರುತ್ತಾರೆ ಎಂದು ಗೊತ್ತಾಗುವವರೆಗೆ ಮಾತ್ರ ಅವರು ರೋಗಿಗಳು. ಆಮೇಲೆ ಫ್ಯಾನು ಜೋರಾಯಿತೆಂದು ಒಮ್ಮೆ, ಸಾಲದೆಂದು ಒಮ್ಮೆ, ಒತ್ತಿದರೆ ಬರುತ್ತಾರೋ ಇಲ್ಲವೋ ನೋಡೋಣವೆಂದು ಮತ್ತೊಮ್ಮೆ. ಮನೆಯಲ್ಲಿ ಹೆಂಡತಿಯನ್ನು ಎರಡನೇ ಲೋಟ ಕಾಫಿ ಕೇಳಲು ಹೆದರುವವರು ಇಲ್ಲಿ "ಏಯ್ ಸಿಸ್ಟರ್" ಎನ್ನುವ ಗತ್ತು ನೋಡಬೇಕು.

ಈ ಜಾತಿಯ ಅಪ್ಪಟ ಮಾದರಿ ನಮ್ಮ ಸೋದರಮಾವ, ನಿವೃತ್ತ ಹೆಡ್‌ಮಾಸ್ಟರು. ಅವರಿಗೆ ಕರುಳಿನ ಆಪರೇಷನ್ ಆದಾಗ ಜೊತೆಗಿರಲು ಮನೆಯವರು ಒಮ್ಮತದಿಂದ ನನ್ನನ್ನು ಆರಿಸಿದರು. ಬರೆಯುವವನಿಗೆ ಬೇರೆ ಕೆಲಸವಿರುವುದಿಲ್ಲ ಎಂಬುದರಲ್ಲಿ ನಮ್ಮ ಮನೆಯಲ್ಲಿ ಭಿನ್ನಾಭಿಪ್ರಾಯವಿಲ್ಲ.

ಹೊಟ್ಟೆ ಕೊಯ್ದ ಮೇಲೆ ಕರುಳು ಸ್ವಲ್ಪ ಕಾಲ ಮುಷ್ಕರ ಹೂಡುತ್ತದೆ. ಅದು ಮತ್ತೆ ಕೆಲಸಕ್ಕೆ ಹಾಜರಾಯಿತು ಎನ್ನುವುದಕ್ಕೆ ಒಂದು ಪುರಾವೆ ಹೂಸು. ಊಟಕ್ಕೆ ಅಪ್ಪಣೆ ಕೊಡುವ ಮೊದಲು ಅದನ್ನು ಕೇಳಿ ಬರೆದಿಡುವುದು ಸಿಸ್ಟರ್ ಕೆಲಸ. ನಮ್ಮ ವಾರ್ಡಿನ ಸಿಸ್ಟರ್ ವಿಜಯಪುರದ ಕಡೆಯವರು. ಮಾವನ ಹಳೆಯ ಸಹೋದ್ಯೋಗಿಗಳು ಮೋಸಂಬಿ ಚೀಲ ಹಿಡಿದು ಮಂಚದ ಸುತ್ತ ಗಂಭೀರವಾಗಿ ನಿಂತಿದ್ದಾಗ ಆಕೆ ಬಂದು ಕೇಳಿದರು:

"ಅಜ್ಜಾರ, ಗಾಳಿ ಹೋತೇನ್ರಿ?"

"ಫ್ಯಾನಿದೆಯಲ್ಲಮ್ಮ, ಚೆನ್ನಾಗೇ ಬರ್ತಿದೆ."

"ಆ ಗಾಳಿ ಅಲ್ರೀ, ಕೆಳಗಿಂದು."

ನಿವೃತ್ತ ಶಿಕ್ಷಕರೆಲ್ಲ ಮೋಸಂಬಿಗಳನ್ನು ಪರೀಕ್ಷಿಸತೊಡಗಿದರು. ಮಾವನ ಮುಖ ಕೆಂಪಾಯಿತು. ಆ ಹುಡುಗಿಗೆ ಸಂಸ್ಕಾರವಿಲ್ಲ, ದೊಡ್ಡವರು ಚಿಕ್ಕವರು ಗೊತ್ತಿಲ್ಲ, ಬರೆದುಕೊಡ್ತೀನಿ ಕಂಪ್ಲೇಂಟು ಎಂದು ರಾತ್ರಿಯವರೆಗೆ ಗೊಣಗಿದರು. ಮರುದಿನ ಡಾಕ್ಟರು ತಮ್ಮ ವಿದ್ಯಾರ್ಥಿಗಳ ದಂಡು ಸಮೇತ ಬಂದು, ನಿಂತ ನಿಲುವಿನಲ್ಲೇ "ಗ್ಯಾಸ್ ಪಾಸ್ ಆಯ್ತಾ ಸರ್?" ಎಂದರು. ಮಾವ ಅರ್ಧ ಎದ್ದು ಕೈಮುಗಿದು, "ಬೆಳಗಿನ ಜಾವ ಆಯ್ತು ಡಾಕ್ಟ್ರೇ, ಎರಡು ಸಲ. ಎಲ್ಲಾ ನಿಮ್ಮ ಕೈಗುಣ!"

ಹೂಸಿಗೂ ಕೈಗುಣ ಬೇಕೆಂದು ನನಗೆ ಅವತ್ತೇ ತಿಳಿದದ್ದು.

ಉಳಿದದ್ದೂ ಇದೇ ಲೆಕ್ಕ. ಸೂಜಿ ಚುಚ್ಚುವಾಗ ಒಂದೇ ಸಲಕ್ಕೆ ನರ ಸಿಕ್ಕಿದರೆ ಮಾವನ ನರ ಗಟ್ಟಿ, ಸಿಗದಿದ್ದರೆ ಸಿಸ್ಟರ್ ದಡ್ಡಿ. ಗಂಜಿಗೆ ಉಪ್ಪಿಲ್ಲದ್ದು, ಎದುರು ಮಂಚದವರು ಕೆಮ್ಮಿದ್ದು, ಮೆಡಿಕಲ್ ಶಾಪಿನ ಬಿಲ್ಲು, ಎಲ್ಲಕ್ಕೂ ಆಕೆಯೇ ಹೊಣೆ.

ಇದೇ ಮಾವ ಮೇಷ್ಟರಾಗಿದ್ದಾಗ ಫ್ಲಾರೆನ್ಸ್ ನೈಟಿಂಗೇಲ್ ಪಾಠ ಮಾಡುತ್ತಿದ್ದುದನ್ನು ನೀವು ಕೇಳಬೇಕಿತ್ತು. 1854ರಲ್ಲಿ ಕ್ರಿಮಿಯಾ ಯುದ್ಧದ ಹೊತ್ತಿನಲ್ಲಿ ಆಕೆ 38 ನರ್ಸುಗಳನ್ನು ಕಟ್ಟಿಕೊಂಡು ಸ್ಕುಟಾರಿಯ ಆಸ್ಪತ್ರೆಗೆ ಹೊರಟದ್ದು, ಕತ್ತಲಲ್ಲಿ ದೀಪ ಹಿಡಿದು ಗಾಯಾಳುಗಳ ನಡುವೆ ನಡೆದದ್ದು! ಮೇಷ್ಟ್ರ ಕಣ್ಣಲ್ಲಿ ನೀರು, ಇಡೀ ತರಗತಿಯ ಮೂಗಲ್ಲಿ ನೀರು. ನಾನೂ ಅದೇ ಬೆಂಚಿನಲ್ಲಿದ್ದವನು. ಈಗ ರಾತ್ರಿ 3 ಗಂಟೆಗೆ, ದೊಡ್ಡ ಲೈಟು ಹಾಕಿದರೆ ಎಲ್ಲರಿಗೂ ಎಚ್ಚರವಾದೀತೆಂದು ಮೊಬೈಲ್ ಟಾರ್ಚು ಹಿಡಿದು ಸಿಸ್ಟರ್ ಡ್ರಿಪ್ಪಿನ ಹನಿ ನೋಡಲು ಬಂದರೆ ಅದೇ ಮೇಷ್ಟ್ರು, "ಕಣ್ಣಿಗೇ ಬೆಳಕು ಬಿಡ್ತೀಯಲ್ಲ, ಬುದ್ಧಿ ಬೇಡ್ವಾ?" ಎಂದು ಗದರುವುದು! ಸ್ಕುಟಾರಿಯ ಸೈನಿಕರೂ ಹೀಗೆ ಗದರಿದ್ದರೆ ಆ ಪಾಠವೇ ಹುಟ್ಟುತ್ತಿರಲಿಲ್ಲ.

ಮಾವ ಕೆಟ್ಟವರಲ್ಲ. ಬಡ ಹುಡುಗರ ಫೀಜು ಗುಟ್ಟಾಗಿ ಕಟ್ಟಿದವರು. ಒಂದು ರಾತ್ರಿ ಅವರಿಗೆ ಹಾಸಿಗೆಯಲ್ಲೇ ಆಗಿಹೋಯಿತು. ಎದುರು ಮಂಚದವರ ನಿದ್ದೆ ಕೆಡುವಷ್ಟು ಗೊರಕೆ ಹೊಡೆಯುತ್ತಿದ್ದ ಈ ಅಟೆಂಡರ್ ಮಹಾಶಯ ಏಳುವ ಹೊತ್ತಿಗೆ ಸಿಸ್ಟರೂ ಆಯಾನೂ ಸೇರಿ ಮಾವನ ಮೈ ಒರೆಸಿ ಬೆಡ್‌ಶೀಟು ಬದಲಿಸುತ್ತಿದ್ದರು. "ಏನೂ ಆಗಿಲ್ಲ ತಗೋರಿ ಅಜ್ಜಾರ, ಈ ಕಡೆ ಹೊಳ್ರಿ" ಎನ್ನುತ್ತಿದ್ದರು. ಊರಿನ ಹುಡುಗರನ್ನೆಲ್ಲ ಬೆಂಚಿನ ಮೇಲೆ ನಿಲ್ಲಿಸಿದ ಮನುಷ್ಯ ಗೋಡೆಗೆ ಮುಖ ಮಾಡಿ ಅಳುತ್ತಿದ್ದರು. ಡಾಕ್ಟರು ಅವರ ಹೊಟ್ಟೆಯನ್ನಷ್ಟೇ ನೋಡಿದವರು. ಈಕೆ ಅವರು ಅತ್ತದ್ದನ್ನೂ ನೋಡಿಬಿಟ್ಟರು. ಹಾಗೆ ನೋಡಿದವರನ್ನು ಹಗಲು ಹೊತ್ತು ಎದುರಿಸುವುದು ಸುಲಭವಲ್ಲ, ಬೈಯುವುದು ಸುಲಭ.

ಬೆಳಿಗ್ಗೆ ಫೋನಿನಲ್ಲಿ ಅತ್ತೆಗೆ ವರದಿ ಹೋಯಿತು: "ರಾತ್ರಿಯೆಲ್ಲಾ ಒಬ್ಬರೂ ಹತ್ತಿರ ಸುಳೀಲಿಲ್ಲ ಕಣೇ." ಆಗ ಅವರ ತೋಳಿಗೇ ಬಿಪಿ ಪಟ್ಟಿ ಸುತ್ತುತ್ತಿದ್ದ ಸಿಸ್ಟರ್ ಕೇಳಿಸಿಕೊಂಡರು. "ನಾರ್ಮಲ್ ಐತ್ರಿ" ಎಂದು ಬರೆದುಕೊಂಡು ಮುಂದಿನ ಮಂಚಕ್ಕೆ ಹೋದರು.

ಡಿಸ್ಚಾರ್ಜಿನ ದಿನ ಡಾಕ್ಟರಿಗೆ ಧಾರವಾಡ ಪೇಡಾದ ಡಬ್ಬ, ಶಾಲು. "ಸಿಸ್ಟರ್‌ಗೆ, ಮಾವ?" ಎಂದೆ. "ಅವಳಿಗೆ ಸಂಬಳ ಕೊಡಲ್ವೇನೋ?" ಎಂದರು, ಡಾಕ್ಟರು ಧರ್ಮಾರ್ಥ ಕೊಯ್ದವರಂತೆ. ಬಿಲ್ಲು ಕಟ್ಟಿ ಬಂದವನು ನಾನು, ಧರ್ಮ ಎಷ್ಟಾಯಿತೆಂದು ನನಗೆ ಗೊತ್ತು.

ನಿಮ್ಮ ಮನೆಯಲ್ಲೂ ಇಂಥ ಮಾವ ಇರಬಹುದು. ಅವರನ್ನು ತಿದ್ದಲು ಹೋಗಬೇಡಿ, ಪೇಡಾ ಎರಡು ಡಬ್ಬ ತನ್ನಿ. ಎರಡನೆಯದನ್ನು ರಾತ್ರಿ ಪಾಳಿಯವರು ಬಂದ ಮೇಲೆ ಕೊಡಿ. ಮಧ್ಯಾಹ್ನವೇ ಕೊಟ್ಟರೆ ಹಗಲಿನವರು ಖಾಲಿ ಮಾಡಿಬಿಡುತ್ತಾರೆ.