ಮೂಗಿಗಿಂತ ಮೂಗುತಿ ಭಾರ: ಎಚ್‌ಎಎಲ್ ನಿಲ್ದಾಣದ ಜೊತೆ ಮಾತುಕತೆ

ವಿಮಾನಪುರದ ಎಚ್‌ಎಎಲ್ ವಿಮಾನ ನಿಲ್ದಾಣಕ್ಕೆ 2008ರ ಮೇ ತಿಂಗಳಲ್ಲಿ ಕಡ್ಡಾಯ ನಿವೃತ್ತಿಯಾಯಿತು. ಪಿಂಚಣಿ ಸಿಗಲಿಲ್ಲ, ಸಿಕ್ಕಿದ್ದು ಓಲ್ಡ್ ಏರ್‌ಪೋರ್ಟ್ ರೋಡ್ ಎಂಬ ಬಿರುದು. ಬೆಂಗಳೂರಿನಿಂದ ಕಲಬುರಗಿ, ಬೀದರ್, ಶಿವಮೊಗ್ಗ, ಕೊನೆಗೆ ಲಕ್ಷದ್ವೀಪದ ಅಗತ್ತಿಗೂ ಸಣ್ಣ ವಿಮಾನಗಳು ಹಾರತೊಡಗಿದ ಮೇಲೆ, ಅವನ್ನಾದರೂ ತನಗೆ ಬಿಟ್ಟುಕೊಡಿ ಎನ್ನುವುದು ಅದರ ಅಹವಾಲು.

ಪ್ರಶ್ನೆ: ದೇವನಹಳ್ಳಿಯಲ್ಲಿ ಅಷ್ಟು ಚೆಂದದ ನಿಲ್ದಾಣವಿದೆ. ಈ ವಯಸ್ಸಿನಲ್ಲಿ ನಿಮಗೇಕೆ ಕೆಲಸದ ಚಪಲ?

ಉತ್ತರ: ಚೆಂದದ ವಿಷಯದಲ್ಲಿ ನಾನು ಸೋತೆ ಎಂದೇ ಬರೆದುಕೊಳ್ಳಿ. ಆದರೆ ಹೊತ್ತಿನ ಲೆಕ್ಕ ಹಾಕೋಣ. ಇಂದಿರಾನಗರದವರೊಬ್ಬರು ಶಿವಮೊಗ್ಗಕ್ಕೆ ಹೊರಟರು ಎನ್ನಿ. ದೇವನಹಳ್ಳಿಗೆ ಸುಮಾರು 35 ಕಿಲೋಮೀಟರ್. ಹೆಬ್ಬಾಳದ ಟ್ರಾಫಿಕ್ಕಿನ ಕೃಪೆಯಿದ್ದರೆ ಒಂದು ಗಂಟೆ, ಇಲ್ಲದಿದ್ದರೆ ಒಂದೂವರೆ. ವಿಮಾನ ಏಳುವ ಒಂದು ಗಂಟೆ ಮೊದಲೇ ಚೆಕ್-ಇನ್ ಕೌಂಟರ್ ಮುಚ್ಚುತ್ತದೆ. ಹಾರಾಟವೂ ಹೆಚ್ಚುಕಡಿಮೆ ಒಂದೇ ಗಂಟೆ. ಆಕಾಶದಲ್ಲಿ ಕಳೆದ ಹೊತ್ತಿನ ಎರಡರಷ್ಟು ನೆಲದ ಮೇಲೆ! ಲಂಡನ್ನಿಗೆ ಹತ್ತು ಗಂಟೆ ಹಾರುವವರಿಗೆ ಇದು ಮುಂಗಡ ಕಟ್ಟಿದಷ್ಟೇ. ಒಂದು ಗಂಟೆ ಹಾರುವವರಿಗೆ ಮೂಗಿಗಿಂತ ಮೂಗುತಿ ಭಾರ. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್‌ರೇಯಿಂದ ಪಾಪಾ ವೆಸ್ಟ್‌ರೇಗೆ ಮೂರು ಕಿಲೋಮೀಟರೂ ಇಲ್ಲ. ವಿಮಾನ ಎರಡೇ ನಿಮಿಷದಲ್ಲಿ ದಾಟುತ್ತದೆ. ಆ ಸೇವೆಗೆ ಅರ್ಥವಿರುವುದು ನಿಲ್ದಾಣಗಳು ಪುಟ್ಟದಾಗಿರುವುದರಿಂದ. ಅಲ್ಲೊಂದು ದೇವನಹಳ್ಳಿಯಂಥ ಟರ್ಮಿನಲ್-2 ಕಟ್ಟಿದ್ದರೆ ಜನ ದೋಣಿಯನ್ನೇ ಹತ್ತುತ್ತಿದ್ದರು.

ಪ್ರಶ್ನೆ: ಕೆ.ಆರ್. ಪುರದಿಂದ ದೇವನಹಳ್ಳಿ ನಿಲ್ದಾಣಕ್ಕೆ ಮೆಟ್ರೊ ಆಗುತ್ತಿದೆ. ರೈಲುಗಳಂತೂ ಇದ್ದೇ ಇವೆ.

ಉತ್ತರ: ಮೆಟ್ರೊ ಬೇಗ ಬರಲಿ. ಆದರೆ ಆ ಮಾರ್ಗದ ಉದ್ದವೇ ಸುಮಾರು 38 ಕಿಲೋಮೀಟರ್. ಎಷ್ಟು ಹೊತ್ತಿಗೆ ತಲುಪುತ್ತೇವೆಂಬ ಭರವಸೆಯನ್ನು ಅದು ಕೊಟ್ಟೀತು, ದೂರವನ್ನು ಕರಗಿಸಲಾರದು. ರೈಲಿನ ಮಾತನ್ನು ಅರ್ಧ ಒಪ್ಪುತ್ತೇನೆ: ಮೈಸೂರಿಗೆ ವಿಮಾನ ಹತ್ತುವುದು ಶುದ್ಧ ದುಂದು. ಬೀದರ್, ಕಲಬುರಗಿಯ ಕಥೆ ಹಾಗಲ್ಲ. ರೈಲೆಂದರೆ ಒಂದು ಇಡೀ ರಾತ್ರಿಯೋ ಇಡೀ ಹಗಲೋ ಹೋಯಿತು. ಅಲ್ಲಿಯವರು ಬೆಳಿಗ್ಗೆ ಬಂದು ವಿಧಾನಸೌಧದ ಕೆಲಸ ಮುಗಿಸಿಕೊಂಡು ಸಂಜೆ ಮನೆ ಸೇರಬೇಕಾದರೆ ಹಲಸೂರಿನ ಮಗ್ಗುಲಿನ ನಿಲ್ದಾಣವೇ ಬೇಕು. ಕೆಲಸ ಆಗುತ್ತದೆಯೇ ಎಂದು ಮಾತ್ರ ನನ್ನನ್ನು ಕೇಳಬೇಡಿ.

ಪ್ರಶ್ನೆ: ನಿಮ್ಮ ಪಕ್ಕದ ಮುರುಗೇಶಪಾಳ್ಯದವರು ಗದ್ದಲ, ಟ್ರಾಫಿಕ್ ಎಂದು ಬೀದಿಗಿಳಿದರೆ?

ಉತ್ತರ: ಇಳಿಯಲೇಬೇಕು, ಹಳೆಯ ಸ್ಥಿತಿ ಮರಳುವುದಾದರೆ. ಕೊನೆಯ ವರ್ಷ ಸುಮಾರು ಒಂದು ಕೋಟಿ ಜನ ಬಂದುಹೋದರು, ಅಂದರೆ ದಿನಕ್ಕೆ 27 ಸಾವಿರ. ಈಗ ನಾನು ಕೇಳುವಂತೆ ದಿನಕ್ಕೆ 75 ಸೀಟಿನ 20 ವಿಮಾನ ಬಂದು 20 ಹೊರಟರೆ, ಎಲ್ಲ ತುಂಬಿದರೂ 3 ಸಾವಿರ. ಅಂದಿನ ಒಂಬತ್ತನೇ ಒಂದು ಪಾಲು. ಸದ್ದಿನ ಮಾತಿಗೆ ಬಂದರೆ, ನೆತ್ತಿಯ ಮೇಲೆ ತೇಜಸ್ ಯುದ್ಧವಿಮಾನ ಗುಡುಗುವುದನ್ನು ಸಹಿಸಿಕೊಂಡಿರುವ ಬಡಾವಣೆಗಳಿಗೆ ಎಟಿಆರ್‌ನಂಥ ಸಣ್ಣ ವಿಮಾನದ ಪ್ರೊಪೆಲರ್ ಅಷ್ಟೇನೂ ಭಾರವಾಗದು. ಆದರೂ ರಾತ್ರಿ ಒಂದೂ ಬೇಡ. ಮಲಗಿದವರ ನಿದ್ದೆಯ ಮೇಲೆ ಯಾರ ಟಿಕೆಟ್ಟಿಗೂ ಹಕ್ಕಿಲ್ಲ.

ಪ್ರಶ್ನೆ: ದೇವನಹಳ್ಳಿ ನಿಲ್ದಾಣದ ಒಪ್ಪಂದ ಅಡ್ಡ ಇದೆಯಲ್ಲ? ಮೇಲಾಗಿ ನೀವಿರುವುದು ರಕ್ಷಣಾ ಜಾಗದಲ್ಲಿ.

ಉತ್ತರ: 2004ರ ಒಪ್ಪಂದದಲ್ಲಿ, ಹೊಸ ನಿಲ್ದಾಣ ತೆರೆದ 25 ವರ್ಷ, ಅಂದರೆ 2033ರವರೆಗೆ, ಮೈಸೂರು ಹಾಸನ ಬಿಟ್ಟು 150 ಕಿಲೋಮೀಟರ್ ಒಳಗೆ ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣ ಕೂಡದು ಎಂದಿದೆ. ನನಗೆ ದುಬೈ, ಸಿಂಗಪುರದ ಕನಸಿಲ್ಲ, ಬೀದರ್ ಸಾಕು. ನನ್ನನ್ನು ಮುಚ್ಚಿದ ಷರತ್ತನ್ನೂ ಸಹಿ ಹಾಕಿದವರೇ ಕೂತು ಸಡಿಲಿಸಬಹುದು, ಅದೇನು ಹಣೆಬರಹವೇ? ದೇವನಹಳ್ಳಿಗೂ ನಷ್ಟವಿಲ್ಲ. 2024ರಲ್ಲಿ ಅಲ್ಲಿ 4 ಕೋಟಿಗೂ ಹೆಚ್ಚು ಜನ ಓಡಾಡಿದ್ದಾರೆ; ಸಣ್ಣ ವಿಮಾನವೊಂದು ಬಿಟ್ಟುಕೊಟ್ಟ ರನ್‌ವೇ ಸರದಿಗೆ ದೊಡ್ಡ ವಿಮಾನ ಬರುತ್ತದೆ. ರಕ್ಷಣೆಯ ನೆಪವನ್ನಂತೂ ದೆಹಲಿಯ ನೆರೆಯ ಹಿಂಡನ್ ಮುರಿದಿದೆ. ವಾಯುಪಡೆಯ ಆ ನೆಲೆಯಲ್ಲಿ 2019ರಲ್ಲಿ ಪುಟ್ಟ ಟರ್ಮಿನಲ್ ತೆರೆದರು; ಅದೇ ವರ್ಷ ನಮ್ಮ ಹುಬ್ಬಳ್ಳಿಯಿಂದಲೇ ವಿಮಾನ ಹೋಯಿತು. ಅಷ್ಟಕ್ಕೂ ನನ್ನ ರನ್‌ವೇ ಮಲಗಿದ್ದು ಯಾವಾಗ? ಖಾಸಗಿ ಜೆಟ್‌ಗಳು ಬರುತ್ತವೆ, ಗಣ್ಯರು ಇಳಿಯುತ್ತಾರೆ. ಚಂದ್ರಯಾನ-3 ಇಳಿದ ಸಂಭ್ರಮದಲ್ಲಿ, 2023ರ ಆಗಸ್ಟ್ 26ರಂದು ಪ್ರಧಾನಿಯವರೂ ಇಲ್ಲೇ ಇಳಿದರು. ಊರೊಳಗಿನ ನಿಲ್ದಾಣದಿಂದ ಹೊತ್ತು ಉಳಿಯುತ್ತದೆಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವವರು ಹೀಗೆ ಇಳಿಯುವ ಗಣ್ಯರೇ. ಆ ಜ್ಞಾನವನ್ನು ಬೀದರಿನ ಪ್ರಯಾಣಿಕರಿಗೂ ಹಂಚಿ ಎನ್ನುತ್ತಿದ್ದೇನೆ.

ಪ್ರಶ್ನೆ: ಒಮ್ಮೆ ಬಾಗಿಲು ತೆರೆದರೆ ಇಪ್ಪತ್ತು ಇನ್ನೂರಾಗುವುದಿಲ್ಲವೇ?

ಉತ್ತರ: ಆಗುತ್ತದೆ, ಆ ಭಯ ನನಗೂ ಇದೆ. ಅದಕ್ಕೇ ಸಂಖ್ಯೆ, ಸೀಟು, ವೇಳೆ ಮೂರನ್ನೂ ಮೊದಲೇ ಕಾನೂನಿನಲ್ಲಿ ಬರೆದಿಡಿ. ಚಿಕ್ಕದಾಗಿರುವುದೇ ನನ್ನ ಯೋಗ್ಯತೆ. ಅದನ್ನು ಮೀರಿ ಬೆಳೆಸಿದರೆ ಮತ್ತೆ ಬೀಗ ಹಾಕಿ. ನಿವೃತ್ತಿಯ ಅನುಭವ ನನಗಿದೆ.