ಮೂರು ಪ್ಯಾಂಟು, ಆರು ಅಂಗಿ

ಚಿಕ್ಕಪೇಟೆಯ ಹಳೆಯ ಬಟ್ಟೆ ಅಂಗಡಿಗಳಲ್ಲಿ ಸೀರೆ ಕೊಳ್ಳಲು ಬಂದವರಿಗೆ ಬಿಳಿ ಹಾಸಿನ ಗಾದಿ ಇರುತ್ತದೆ. ಕೂರಬಹುದು, ಕಾಲು ಮಡಿಸಬಹುದು, ನಡುವೆ ಕಾಫಿಯೂ ಬರಬಹುದು. ಎಂಬತ್ತು ಸೀರೆ ಬಿಚ್ಚಿಸಿ, ಎಂಬತ್ತೊಂದನೆಯದಕ್ಕೆ ‘ಇದರಲ್ಲೇ ಸ್ವಲ್ಪ ಡಲ್ ಕಲರ್ ಇಲ್ವಾ?’ ಎಂದರೂ ಅಂಗಡಿಯವನ ಮುಖ ಬಾಡುವುದಿಲ್ಲ. ಅದೇ ಅಂಗಡಿಯ ಮೂಲೆಯಲ್ಲಿರುವ ಗಂಡಸರ ವಿಭಾಗದಲ್ಲಿ ಕುರ್ಚಿಯೇ ಇರುವುದಿಲ್ಲ. ಬೇಕಾಗಿಯೂ ಇಲ್ಲ. ಗಂಡಸು ಬರುತ್ತಾನೆ, ಅಳತೆ ಹೇಳುತ್ತಾನೆ, ‘ಲೈಟ್ ಕಲರ್‌ನಲ್ಲಿ ಏನಾದ್ರೂ ಕೊಡಿ’ ಎನ್ನುತ್ತಾನೆ, ಮೇಲಿನಿಂದ ಮೂರನೆಯದನ್ನು ಎಳೆದುಕೊಂಡು ದುಡ್ಡು ಕೊಟ್ಟು ಹೊರಡುತ್ತಾನೆ. ಮನೆಗೆ ಬಂದು ಬೀರು ತೆಗೆದರೆ ಅದೇ ಬಣ್ಣದ ಅಂಗಿಗಳು ಆಗಲೇ ನಾಲ್ಕಿವೆ. ಐದಕ್ಕೂ ಹೊಂದುವ ಪ್ಯಾಂಟು ಒಂದೇ ಒಂದು. ಅದು ಇಸ್ತ್ರಿಗೆ ಹೋಗಿದೆ.

ಹಾಗೆಂದು ಬಣ್ಣದ ತಿಳಿವಳಿಕೆಗೆ ನಮ್ಮಲ್ಲಿ ಬರವೇನೂ ಇಲ್ಲ. ಅದು ಪೂರ್ತಿ ಸೀರೆಯ ಕಡೆಗೆ ಹರಿದುಹೋಗಿದೆ, ಅಷ್ಟೆ. ಇಳಕಲ್ಲಿನ ಸೀರೆಯನ್ನೇ ನೋಡಿ. ಒಡಲು ಗಿಳಿಹಸಿರಿರಲಿ, ನವಿಲು ಬಣ್ಣವಿರಲಿ, ಕಪ್ಪೇ ಇರಲಿ, ಸಾಂಪ್ರದಾಯಿಕ ಸೆರಗು ಮಾತ್ರ ಕೆಂಪು, ಅದರೊಳಗೆ ಬಿಳಿಯ ತೆನೆ. ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಮೇಲೆ ತೊಡುವ ಗುಳೇದಗುಡ್ಡದ ಖಣ ಇನ್ನೊಂದೇ ಬಣ್ಣದ್ದು, ಆದರೂ ಜಗಳವಿಲ್ಲ. ಕೆಂಪು ತನ್ನ ಜಾಗದಲ್ಲಿ ಗಟ್ಟಿಯಾಗಿ ನಿಂತಿರುವುದರಿಂದ ಉಳಿದ ಬಣ್ಣಗಳಿಗೆ ಹೇಗೆ ಬೇಕಾದರೂ ಆಡುವ ಸಲುಗೆ. ಎಂ.ಎಸ್. ಸುಬ್ಬುಲಕ್ಷ್ಮಿಯವರು ಉಡುತ್ತಿದ್ದ ಕಾಂಚೀಪುರಂ ಸೀರೆಯ ನೀಲಿಗೆ ‘ಎಂಎಸ್ ಬ್ಲೂ’ ಎಂಬ ಹೆಸರು ಇವತ್ತಿಗೂ ಅಂಗಡಿಗಳಲ್ಲಿ ನಡೆಯುತ್ತದೆ. ಅಂಗಿಯ ಬಣ್ಣವೊಂದಕ್ಕೆ ಹೀಗೆ ಹೆಸರು ಕೊಟ್ಟ ಗಂಡಸನ್ನು ನಾನಿನ್ನೂ ಹುಡುಕುತ್ತಿದ್ದೇನೆ. ನೆಹರೂ ಅವರಿಂದ ಸಿಕ್ಕಿದ್ದು ಜಾಕೆಟ್ಟು, ಬಣ್ಣವಲ್ಲ. ನಮಗೆ ಗೊತ್ತಿರುವುದು ಸಿಮೆಂಟ್ ಕಲರ್, ಬೂದಿ ಕಲರ್, ಬಿಸ್ಕತ್ ಕಲರ್: ಒಂದು ಮನೆ ಕಟ್ಟಿಸಿ, ಒಂದು ಟೀ ಕುಡಿದಷ್ಟು ಜೀವನಾನುಭವ.

ಇದಕ್ಕೆ ಗಂಡಸರನ್ನಷ್ಟೇ ದೂರುವುದು ನ್ಯಾಯವಲ್ಲ. ಬಹಳ ಕಾಲ ನಮ್ಮ ಬಟ್ಟೆಯ ಬಣ್ಣ ಆರಿಸುತ್ತಿದ್ದವರು ನೆಂಟರು. ಮದುವೆ, ಗೃಹಪ್ರವೇಶ, ಷಷ್ಟಿಪೂರ್ತಿ, ಯಾವುದಕ್ಕೆ ಹೋದರೂ ಎಲೆಯಡಿಕೆಯ ಜೊತೆ ಒಂದು ರಟ್ಟಿನ ಡಬ್ಬಿ. ಒಳಗೆ ಒಂದು ಪ್ಯಾಂಟ್ ಪೀಸು, ಒಂದು ಶರ್ಟ್ ಪೀಸು. ಪ್ಯಾಂಟಿಗೆ 1.20 ಮೀಟರು, ಶರ್ಟಿಗೆ 1.60. ಈ ಅಳತೆ ನಿಗದಿ ಮಾಡಿದವರು ಗಂಡಸಿನ ಹೊಟ್ಟೆಯನ್ನು ಅವನ ಮದುವೆಗೆ ಮುಂಚೆಯೇ ನೋಡಿರಬೇಕು. ಟೈಲರು ಟೇಪನ್ನು ಎರಡು ಸಲ ಸುತ್ತಿ, ಬಟ್ಟೆಯ ಕಡೆಗೊಮ್ಮೆ ನಮ್ಮ ಕಡೆಗೊಮ್ಮೆ ನೋಡಿ, ‘ಹಾಫ್ ಕೈ ಮಾಡ್ಬಿಡ್ಲಾ ಸಾರ್?’ ಎನ್ನುತ್ತಾನೆ. ಅದನ್ನಾದರೂ ಸಹಿಸಬಹುದು. ದೊಡ್ಡ ತೊಂದರೆ ಡಬ್ಬಿಯೊಳಗಿನ ಜೋಡಿಯದು. ಕಾಫಿಪುಡಿ ಬಣ್ಣದ ಪ್ಯಾಂಟು, ಅದಕ್ಕೆ ಹೊಂದಲೆಂದು ಅದೇ ಕಾಫಿಪುಡಿಯ ಗೆರೆ ಎಳೆದ ಕೆನೆಬಣ್ಣದ ಅಂಗಿ. ಅವೆರಡೂ ಒಂದನ್ನೊಂದು ಎಷ್ಟು ಪ್ರೀತಿಸುತ್ತವೆಂದರೆ ಬೀರುವಿನಲ್ಲಿರುವ ಇನ್ಯಾರ ಜೊತೆಗೂ ಮಾತಾಡುವುದಿಲ್ಲ. ಅಂಗಿಯ ಕಾಲರು ಹರಿದ ದಿನವೇ ಪ್ಯಾಂಟೂ ನಿವೃತ್ತಿ. ಅನುಭವಸ್ಥರು ಇದನ್ನರಿತು ಡಬ್ಬಿಯನ್ನು ಬಿಚ್ಚದೆಯೇ ಮುಂದಿನ ಮದುವೆಗೆ ದಾಟಿಸುತ್ತಾರೆ.

ಡಬ್ಬಿಯ ಕಾಲ ಈಗ ಹಿಂದಾಗಿದೆ. ಅದರ ಜಾಗಕ್ಕೆ ಬಂದಿರುವುದು ಆಮಂತ್ರಣದ ಕೆಳಗೆ ಸಣ್ಣ ಅಕ್ಷರದಲ್ಲಿ ಕೂತಿರುವ ‘ಸ್ಮಾರ್ಟ್ ಕ್ಯಾಶುವಲ್ಸ್’ ಎಂಬ ಆಜ್ಞೆ. ಸೂಟು ಬೇಡ, ಹಾಗಂತ ಬನಿಯನ್ನೂ ಬೇಡ ಎಂದು ಅದರ ತಾತ್ಪರ್ಯ. ನಡುವಿನ ಈ ವಿಶಾಲ ಬಯಲಿನಲ್ಲಿ ನಮ್ಮನ್ನು ಬಿಟ್ಟವರು ಯಾರು ಎಂದು ಹುಡುಕಿದರೆ ಹವಾಯಿ ದ್ವೀಪಕ್ಕೆ ಹೋಗಿ ಮುಟ್ಟುತ್ತೇವೆ. ಅಲ್ಲಿನ ಬಟ್ಟೆ ತಯಾರಕರು ತಮ್ಮ ಹೂವಿನ ಅಂಗಿಯನ್ನು ಶುಕ್ರವಾರವಾದರೂ ಕಚೇರಿಯೊಳಗೆ ಬಿಡಿ ಎಂದು ದುಂಬಾಲು ಬಿದ್ದು, 1966ರಲ್ಲಿ ‘ಅಲೋಹಾ ಫ್ರೈಡೇ’ ಶುರುವಾಯಿತು. ಅಮೆರಿಕದ ಲೀವೈಸ್ ಕಂಪನಿ 1986ರಲ್ಲಿ ಡಾಕರ್ಸ್ ಎಂಬ ಖಾಕಿ ಪ್ಯಾಂಟುಗಳನ್ನು ತಂದಿತು. 1992ರಲ್ಲಿ, ಟೈ ಇಲ್ಲದೆಯೂ ಮರ್ಯಾದಸ್ಥರಾಗಿ ಕಾಣುವುದು ಹೇಗೆ ಎಂಬ ಕೈಪಿಡಿಯನ್ನು ಅಚ್ಚು ಹಾಕಿಸಿ ಸಾವಿರಾರು ಕಚೇರಿಗಳ ಸಿಬ್ಬಂದಿ ವಿಭಾಗಗಳಿಗೆ ಕಳುಹಿಸಿತು. ಮರ್ಯಾದೆಗೆ ಬೇಕಾದ ಪ್ಯಾಂಟು ಯಾರ ಬಳಿ ಸಿಗುತ್ತದೆಂದು ಬೇರೆ ಹೇಳಬೇಕಾಗಿರಲಿಲ್ಲ. ಆ ಗಾಳಿ ಸಾಫ್ಟ್‌ವೇರಿನ ಜೊತೆ ಬೆಂಗಳೂರಿಗೂ ಬೀಸಿತು. 2015ರಲ್ಲಿ ಇನ್ಫೋಸಿಸ್ ಕೂಡ ತನ್ನವರಿಗೆ ವಾರವಿಡೀ ಕ್ಯಾಶುವಲ್ ತೊಡಲು ಬಿಟ್ಟಿತು. ಟೈ ಇದ್ದಾಗ ಬದುಕು ಸುಲಭವಿತ್ತು, ನೇಣು ಹಾಕಿಕೊಂಡು ಹೊರಟರಾಯಿತು. ಸ್ವಾತಂತ್ರ್ಯ ಬಂದ ಮೇಲೆ ಬೀರುವಿನ ಮುಂದೆ ನಿಂತು ಯೋಚಿಸಬೇಕಾಗಿ ಬಂತು. ವಕೀಲರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುವುದು ಈ ಒಂದು ಕಾರಣಕ್ಕೆ.

ಈ ಗೊಂದಲ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಅದನ್ನು ಬಗೆಹರಿಸಿದ್ದವರು ನನ್ನ ಸೋದರಮಾವ. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅವರ ಬಳಿ ಇದ್ದದ್ದು ಮೂರು ಪ್ಯಾಂಟು, ಆರು ಅಂಗಿ. ಆದರೆ ಯಾವ ಪ್ಯಾಂಟಿಗೆ ಯಾವ ಅಂಗಿ ಹಾಕಿದರೂ ಸರಿಹೋಗುತ್ತಿತ್ತು. ಮೂರಾರ್ಲೆ ಹದಿನೆಂಟು. ವಾರಕ್ಕೆ ಆರು ದಿನದ ಶಾಲೆಯಲ್ಲಿ ಮೂರು ವಾರ ಒಂದೇ ಜೋಡಿ ಮರಳಿ ಬರುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ‘ಮೇಷ್ಟ್ರಿಗೇನಪ್ಪ, ಬೀರುಗಟ್ಟಲೆ ಬಟ್ಟೆ’ ಎಂದು ಮಾತಾಡಿಕೊಳ್ಳುತ್ತಿದ್ದರಂತೆ. ‘ಪ್ಯಾಂಟು ಮೊದಲು ತಗೋಬೇಕು ಕಣೋ. ಅಂಗೀನ ಆಮೇಲೆ ಅದರ ಮುಖ ನೋಡಿ ತಗೋಬೇಕು’ ಎಂದು ಮಾವ ಹೇಳುತ್ತಿದ್ದರು. ನಾವೆಲ್ಲ ಮಾಡುವುದು ಇದರ ತಿರುಗಾಮುರುಗಾ. ಗಾಜಿನ ಹಿಂದೆ ಕಂಡ ಅಂಗಿಗೆ ಮನಸೋತು ತರುತ್ತೇವೆ, ಆಮೇಲೆ ಅದಕ್ಕೊಂದು ಪ್ಯಾಂಟು ಹುಡುಕಲು ಹೊರಡುತ್ತೇವೆ.

ಒಂದು ದೀಪಾವಳಿಗೆ ಅತ್ತೆ ಪ್ರೀತಿಯಿಂದ ಕಂದುಗೆಂಪು ಚೌಕಳಿಯ ಅಂಗಿಯೊಂದನ್ನು ತಂದುಕೊಟ್ಟರು. ಏಳನೆಯ ಅಂಗಿ ಬಂದರೆ ಜೋಡಿ ಇಪ್ಪತ್ತೊಂದಾಗಬೇಕು. ಆದದ್ದು ಹತ್ತೊಂಬತ್ತು. ಆ ಅಂಗಿ ಒಂದೇ ಒಂದು ಪ್ಯಾಂಟಿಗೆ ಒಪ್ಪಿತು. ಉಳಿದವುಗಳಷ್ಟೇ ಬೆಲೆ, ದುಡಿಮೆ ಮಾತ್ರ ಮೂರರಲ್ಲೊಂದು ಪಾಲು. ಈ ಲೆಕ್ಕವನ್ನು ಅತ್ತೆಯ ಮುಂದೆ ಬಿಡಿಸುವ ಧೈರ್ಯ ಗಣಿತದಿಂದ ಬರಲಿಲ್ಲವಾಗಿ ಮಾವ ಆ ಹತ್ತೊಂಬತ್ತನೆಯ ಜೋಡಿಯನ್ನೇ ವಾರಕ್ಕೊಮ್ಮೆ ತೊಟ್ಟರು.

ಯಾವುದು ಆ ಮೂರು ಪ್ಯಾಂಟು? ಮಾವನವು ನೇವಿ ಬ್ಲೂ, ಬೂದುಬಣ್ಣ, ಖಾಕಿ. ಇವತ್ತು ಕೊಳ್ಳುವುದಾದರೂ ನಾನು ಪಟ್ಟಿ ಬದಲಿಸಲಾರೆ. ನೇವಿ ಬ್ಲೂ ಪ್ಯಾಂಟೆಂದರೆ ಅನ್ನ. ಸಾರಿಗೂ ಸೈ, ಹುಳಿಗೂ ಸೈ, ಕೊನೆಗೆ ಮಜ್ಜಿಗೆಗೂ ಸೈ. ಬಿಳಿ, ತಿಳಿನೀಲಿ, ತಿಳಿಗುಲಾಬಿ, ಕೆನೆ, ಸಣ್ಣ ಚೌಕಳಿ, ಏನು ಹಾಕಿದರೂ ಅದು ತಕರಾರು ಮಾಡುವುದಿಲ್ಲ. 1748ರಲ್ಲಿ ಬ್ರಿಟಿಷ್ ನೌಕಾಪಡೆ ತನ್ನ ಅಧಿಕಾರಿಗಳಿಗೆ ಈ ಕಡುನೀಲಿಯನ್ನು ಗೊತ್ತುಮಾಡಿದ್ದರಿಂದಲೇ ಅದು ‘ನೇವಿ’ ಆದದ್ದು. ಬೂದುಬಣ್ಣಕ್ಕೆ ಸ್ವಂತ ಅಭಿಪ್ರಾಯವೇ ಇಲ್ಲ, ಅದೇ ಅದರ ದೊಡ್ಡಗುಣ. ಖಾಕಿಯ ಮೇಲೆ ನಮಗೊಂದು ಹಕ್ಕೂ ಇದೆ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆ ನಡೆಸುತ್ತಿದ್ದ ಹಾಲರ್ ಎಂಬ ಜರ್ಮನ್ ನೇಕಾರ ಖಾಕಿಯ ಬಣ್ಣ ಕಟ್ಟಿದ, ಅಲ್ಲಿಂದಲೇ ಅದು ಪೊಲೀಸರ ಮೈಗೇರಿತು ಎಂದು ಕರಾವಳಿಯವರು ಅಭಿಮಾನದಿಂದ ಹೇಳುತ್ತಾರೆ. ಅದಕ್ಕೂ ಮೊದಲೇ ಪೇಶಾವರದ ಕಡೆ ಸೈನಿಕರು ಮಣ್ಣುಬಣ್ಣ ತೊಟ್ಟಿದ್ದರೆಂದು ಇನ್ನೊಂದು ಕಡೆಯವರ ವಾದ. ಅದೇನೇ ಇರಲಿ, ಧೂಳು ಕಾಣದ ಬಟ್ಟೆ ಈ ದೇಶಕ್ಕೆ ಬೇಕಿತ್ತು. ಒಂದೇ ಎಚ್ಚರಿಕೆ: ಖಾಕಿ ಪ್ಯಾಂಟಿನ ಮೇಲೆ ಖಾಕಿಯದೇ ಅಂಗಿ ತೊಟ್ಟರೆ ಸಿಗ್ನಲ್ಲಿನಲ್ಲಿ ಬೈಕಿನವರು ನಿಮ್ಮನ್ನು ಪೊಲೀಸೆಂದುಕೊಂಡು ಹೆಲ್ಮೆಟ್ ಸರಿಮಾಡಿಕೊಳ್ಳುತ್ತಾರೆ, ಆಟೋದವರು ತಮ್ಮವನೆಂದು ನೋಡುತ್ತಾರೆ.

ಕರಿ ಪ್ಯಾಂಟು ಎಲ್ಲದಕ್ಕೂ ಹೊಂದುತ್ತದೆ ಎನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಕರಿ ಪ್ಯಾಂಟಿಗೆ ಬಿಳಿ ಅಂಗಿ ಇನ್‌ಶರ್ಟ್ ಮಾಡಿ ಮದುವೆ ಮನೆಯಲ್ಲಿ ಐದು ನಿಮಿಷ ನಿಂತು ನೋಡಿ. ಯಾರಾದರೊಬ್ಬರು ಇನ್ನೊಂಚೂರು ಪಲ್ಯ ಕೇಳಿಯೇ ಕೇಳುತ್ತಾರೆ.

ಮಾವನ ಪಟ್ಟಿಗೆ ನನ್ನ ಕಾಲ ಸೇರಿಸಿದ್ದು ಜೀನ್ಸ್. ಅದಕ್ಕಾಗಿ ಅಮೆರಿಕದವರೆಗೆ ಹೋಗಬೇಕಿಲ್ಲ, ಬಳ್ಳಾರಿ ಸಾಕು. ಒಂದು ಕಾಲಕ್ಕೆ ಸೈನಿಕರ ಸಮವಸ್ತ್ರ ಹೊಲಿಯಲು ಬಂದು ನೆಲೆಸಿದ ದರ್ಜಿ ಕುಟುಂಬಗಳಿಂದ ಅಲ್ಲಿನ ಹೊಲಿಗೆಯ ಕಸುಬು ಬೆಳೆಯಿತೆಂದು ಹೇಳುತ್ತಾರೆ. ಈಗ ಬಳ್ಳಾರಿಯ ಜೀನ್ಸ್ ಊರೂರಿನ ಸಂತೆಯವರೆಗೂ ಹೋಗುತ್ತದೆ. ಡೆನಿಮ್ಮಿನ ಹಾಸು ನೀಲಿ, ಹೊಕ್ಕು ಬಿಳಿ. ನೀಲಿ ನೂಲಿನ ಹೊರಮೈಗಷ್ಟೇ ಹತ್ತುವುದರಿಂದ ಸವೆದಂತೆಲ್ಲ ಒಳಗಿನ ಬಿಳಿ ಮೇಲೆ ಬರುತ್ತದೆ. ಮಾಸದ, ಹರಿಯದ ಕಡುನೀಲಿ ಜೀನ್ಸು ನೇವಿ ಪ್ಯಾಂಟಿನ ಕೆಲಸವನ್ನೇ ಮಾಡುತ್ತದೆ. ಮಂಡಿಯಲ್ಲಿ ಬಿಳಿಚಿದ್ದು ಬೇರೆ ಸಂಸಾರ. ಇನ್ನು ಮಂಡಿಯಲ್ಲಿ ಹರಿದೇ ಬರುವುದನ್ನು ದುಡ್ಡು ಕೊಟ್ಟು ತಂದರೆ, ಊರಿನಿಂದ ಬಂದ ಅಜ್ಜಿ ರಾತ್ರಿಯೇ ತೇಪೆ ಹಾಕಿ ಮಡಿಸಿಟ್ಟಿರುತ್ತಾರೆ.

ಬಣ್ಣ ಹೊಂದಿಸುವುದೆಂದರೆ ಒಂದೇ ಬಣ್ಣ ತರುವುದು ಎಂದು ಬಹಳ ಮಂದಿ ತಿಳಿದಿದ್ದಾರೆ. ವಿಷಯ ಇರುವುದು ತದ್ವಿರುದ್ಧ. ದೂರದ ಬಣ್ಣಗಳು ಹೇಗೋ ಬಾಳುತ್ತವೆ, ಹತ್ತಿರದ ಬಣ್ಣಗಳೇ ಜಗಳಗಂಟಿಗಳು. ನೇವಿ ಪ್ಯಾಂಟಿನ ಮೇಲೆ ಅದಕ್ಕಿಂತ ಒಂದೇ ಒಂದು ಎಳೆ ಬೇರೆಯಾದ ನೀಲಿ ಅಂಗಿ ಹಾಕಿದರೆ, ಸೆಟ್ಟು ಮಾಡಲು ಹೋಗಿ ಸೋತವನಂತೆ ಕಾಣುತ್ತೀರಿ. ಕಪ್ಪಿನ ಮೇಲೆ ನೇವಿಯೂ ಹಾಗೆಯೇ, ಕರೆಂಟಿಲ್ಲದ ಬೆಳಗ್ಗೆ ಬೀರುವಿಗೆ ಕೈಹಾಕಿದಿರೆಂದು ಎಲ್ಲರಿಗೂ ತಿಳಿಯುತ್ತದೆ. ಒಂದು ತಿಳಿ, ಒಂದು ಗಾಢ, ನಡುವೆ ಒಳ್ಳೆಯ ಅಂತರ. ಇಷ್ಟಿದ್ದರೆ ಅರ್ಧ ಕೆಲಸ ಮುಗಿಯಿತು.

ಉಳಿದರ್ಧ ಬೆಳಕಿನದು. ಅಮ್ಮ ರವಿಕೆ ಪೀಸು ಹಿಡಿದು ಅಂಗಡಿಯ ಹೊಸ್ತಿಲಾಚೆ ಬಿಸಿಲಿಗೆ ಹೋಗಿ ನಿಂತಾಗ ನಮಗೆಲ್ಲ ನಾಚಿಕೆಯಾಗುತ್ತಿತ್ತು. ಆಕೆ ಮಾಡುತ್ತಿದ್ದದ್ದು ಅಪ್ಪಟ ವಿಜ್ಞಾನ. ಬೇರೆ ಬೇರೆ ಬಣ್ಣದ್ರವ್ಯದಲ್ಲಿ ಅದ್ದಿದ ಎರಡು ಬಟ್ಟೆಗಳು ಟ್ಯೂಬ್‌ಲೈಟಿನ ಕೆಳಗೆ ಅವಳಿಗಳಂತೆ ಕಂಡು ಬಿಸಿಲಿನಲ್ಲಿ ಅಪರಿಚಿತರಾಗಬಹುದು. ಬಣ್ಣ ಬಲ್ಲವರು ಇದನ್ನು ಮೆಟಮೆರಿಸಂ ಎನ್ನುತ್ತಾರೆ. ಅಮ್ಮ ‘ಲೈಟಿನಲ್ಲಿ ಮೋಸ ಮಾಡ್ತಾರೆ’ ಎನ್ನುತ್ತಿದ್ದಳು.

ಬಿಳಿ ಅಂಗಿಯ ವಿಷಯಕ್ಕೆ ಬಂದರೆ ನಾನು ಭಾವುಕ. ತೆರೆಯ ಮೇಲೆ ಎಲ್ಲ ಬಣ್ಣವನ್ನೂ ತೊಟ್ಟ ಡಾ. ರಾಜ್‌ಕುಮಾರ್ ತೆರೆಯಿಂದಾಚೆ ಬಿಳಿ ಪಂಚೆ, ಬಿಳಿ ಅಂಗಿಯಲ್ಲೇ ಇದ್ದರು. ಅವರೆದುರು ಇನ್ನಾವ ಜೋಡಿಯೂ ಜೋಡಿಯಲ್ಲ. ಆದರೆ ನಮ್ಮ ಮನೆಗಳಲ್ಲಿ ಬಿಳಿ ಅಂಗಿ ಆರು ತಿಂಗಳಿಗಿಂತ ಹೆಚ್ಚು ಬಿಳಿಯಾಗಿ ಉಳಿದದ್ದುಂಟೇ? ಬಕೆಟ್ಟಿಗೆ ಬೀಳುವ ನೀಲಿಯ ಹನಿ ಒಂದು ಜಾಸ್ತಿಯಾದರೆ ತಿಳಿನೀಲಿ, ಹೊಸ ಕೆಂಪು ಟವೆಲ್ಲಿನ ಜೊತೆ ನೆನೆದರೆ ತಿಳಿಗುಲಾಬಿ. ಪುಣ್ಯಕ್ಕೆ ಎರಡೂ ನೇವಿಗೆ ಹೊಂದುತ್ತವೆ. ಬೆವರಿನ ಮಾತನ್ನು ಫ್ಯಾಷನ್ ಪುಸ್ತಕಗಳು ಆಡುವುದಿಲ್ಲ, ಅವನ್ನು ಬರೆದವರು ಮೇ ತಿಂಗಳಲ್ಲಿ ಕಲಬುರಗಿಗೆ ಬಂದಿರಲಾರರು. ಕಂಕುಳ ಒದ್ದೆ ಎಲ್ಲಕ್ಕಿಂತ ಎದ್ದು ಕಾಣುವುದು ಬೂದುಬಣ್ಣದ ಟೀ ಶರ್ಟಿನಲ್ಲಿ, ಆಮೇಲೆ ನಡುನೀಲಿಯಲ್ಲಿ. ಬಿಳಿ ಮತ್ತು ನೇವಿ ಗುಟ್ಟು ಬಿಟ್ಟುಕೊಡುವುದಿಲ್ಲ.

ಬೂಟಿನ ಬಣ್ಣಕ್ಕೇ ಬೆಲ್ಟು ಇರಬೇಕು, ಕಂದು ಬೂಟು ನೇವಿಗೂ ಖಾಕಿಗೂ ಬೂದಿಗೂ ನಡೆಯುತ್ತದೆ ಎಂಬುದೆಲ್ಲ ಸರಿ. ಆದರೆ ನಮ್ಮಲ್ಲಿ ಯಾರ ಮನೆಗೆ ಹೋದರೂ ಬೂಟು ಬಾಗಿಲಲ್ಲೇ ಉಳಿಯುತ್ತದೆ. ಒಳಗೆ ಬರುವುದು ಕಾಲುಚೀಲ. ಹೆಣ್ಣು ನೋಡಲು ಹೋದ ಎಷ್ಟೋ ಗಂಡುಗಳು ಸಾವಿರಾರು ರೂಪಾಯಿಯ ಬೂಟನ್ನು ಹೊರಗೆ ಬಿಟ್ಟು, ಶಾಲೆಯ ಕಾಲದ ಬಿಳಿ ಕಾಲುಚೀಲದಲ್ಲಿ, ಹೆಬ್ಬೆರಳು ಇಣುಕುವಂತೆ ಕೂತು ಉಪ್ಪಿಟ್ಟು ತಿಂದಿದ್ದಾರೆ. ಕಾಲುಚೀಲ ಪ್ಯಾಂಟಿನ ಬಣ್ಣದ್ದಿರಲಿ, ಬೂಟಿನದಲ್ಲ. ತೂತಿಲ್ಲದ್ದಿದ್ದರೆ ಇನ್ನೂ ಒಳ್ಳೆಯದು.

ಇನ್ನು ‘ನಿನ್ನ ಮೈಬಣ್ಣಕ್ಕೆ ಅದು ಒಪ್ಪಲ್ಲ’ ಎಂಬ ಹಿರಿಯರ ತೀರ್ಪು. ಕಪ್ಪಗಿದ್ದವನಿಗೆ ಗಾಢ ಬಣ್ಣ ಬೇಡವೆಂದು ಜೀವಮಾನವಿಡೀ ಮಾಸಲು ಬಿಸ್ಕತ್ತು ಬಣ್ಣ ತೊಡಿಸಿದ್ದಾರೆ. ಇದು ಅನ್ಯಾಯ. ಎಣ್ಣೆಗೆಂಪು ಮೈಗೂ ಕಪ್ಪು ಮೈಗೂ ಕಡುಗೆಂಪು, ಸಾಸಿವೆ ಹಳದಿ, ಪಾಚಿ ಹಸಿರು ಒಪ್ಪುವಷ್ಟು ಬಿಳಿಯರಿಗೆ ಒಪ್ಪಲಾರವು. ನಮ್ಮನ್ನು ಮಂಕಾಗಿಸುವುದು ನಮ್ಮ ಚರ್ಮದ ಬಣ್ಣಕ್ಕೇ ಹತ್ತಿರವಿರುವ ಅಂಗಿ. ಅದನ್ನು ತೊಟ್ಟರೆ ಅಂಗಿ ಎಲ್ಲಿ ಮುಗಿದು ಮನುಷ್ಯ ಎಲ್ಲಿ ಶುರುವಾದನೆಂದು ಫೋಟೋದಲ್ಲಿ ಗೊತ್ತಾಗುವುದಿಲ್ಲ. ಮೂರು ಶಾಂತ ಪ್ಯಾಂಟುಗಳಿದ್ದರೆ ಒಂದು ಸಾಸಿವೆ ಬಣ್ಣದ ಅಂಗಿಯ ಚೇಷ್ಟೆಯನ್ನು ಅವು ಧಾರಾಳವಾಗಿ ತಡೆದುಕೊಳ್ಳುತ್ತವೆ. ಇಂಥ ಎರಡು ತರಬೇಡಿ.

ಹಬ್ಬ ಹತ್ತಿರ ಬಂದರೆ ರಿಯಾಯಿತಿಯ ಫಲಕಗಳು ಏಳುತ್ತವೆ. ಆಗ ಹೊರಡುವುದಾದರೆ, ನೀವು ಹೆಚ್ಚು ತೊಡುವ ಪ್ಯಾಂಟನ್ನೇ ತೊಟ್ಟುಕೊಂಡು ಹೋಗಿ. ಹೊಸ ಅಂಗಿಯನ್ನು ಅದರ ಮೇಲೆ ಹಿಡಿದು ಬಾಗಿಲ ಬಳಿ ಬನ್ನಿ, ಕಾವಲಿನವನು ಅನುಮಾನದಿಂದ ನೋಡಿದರೂ ಪರವಾಗಿಲ್ಲ. ಮನೆಗೆ ತಂದ ಮೇಲೆ ಉಳಿದ ಎರಡು ಪ್ಯಾಂಟಿಗೂ ಹಿಡಿದು ನೋಡುವ ತನಕ ಟ್ಯಾಗು ಕೀಳಬೇಡಿ. ಟ್ಯಾಗು ಕಿತ್ತ ಅಂಗಿಯನ್ನು ಯಾವ ಅಂಗಡಿಯವನೂ ವಾಪಸ್ ತೆಗೆದುಕೊಳ್ಳುವುದಿಲ್ಲ.