ನೋಟ್ಸಪ್ಪ

ಬೀದರದಿಂದ ಔರಾದಿಗೆ ಹೋಗುವ ಬಸ್ಸು ಸಂತಪುರದಲ್ಲಿ ನಿಂತಾಗ ನೋಡಿ. ಎಲ್ಲರೂ ಸೀಟಿಗಾಗಿ ಕಿಟಕಿಯಿಂದ ಟವೆಲ್ ಎಸೆಯುತ್ತಿದ್ದರೆ ಒಬ್ಬ ಮಾತ್ರ ಚೀಲವನ್ನು ಎದೆಗವಚಿಕೊಂಡು ಕೊನೆಗೆ ಹತ್ತುತ್ತಾನೆ. ಟವೆಲ್ ಹೋದರೆ ಇನ್ನೊಂದು ಸಿಕ್ಕೀತು, ಚೀಲದಲ್ಲಿರುವುದು ನೋಟ್ಸು! ಇವನೇ ನೋಟ್ಸಪ್ಪ. ಅಪ್ಪ ಅವ್ವ ಇಟ್ಟ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಪ್ರತಿ ಊರಲ್ಲೂ ಪ್ರತಿ ಬ್ಯಾಚಿನಲ್ಲೂ ಇಂಥವನೊಬ್ಬ ಇರುತ್ತಾನೆ. ನಮ್ಮ ಬ್ಯಾಚಿನವನ ಪಕ್ಕ ನಾನು ಎರಡು ವರ್ಷ ಕೂತಿದ್ದೆ. ಮೊಣಕೈ ತಾಗಿದರೆ ಮಾರ್ಜಿನ್ ಗೆರೆ ಸೊಟ್ಟಾಗುತ್ತದೆಂದು ನನ್ನನ್ನು ಬೆಂಚಿನ ತುದಿಗೆ ದೂಡಿದ್ದ.

ಹೆಡಿಂಗಿಗೆ ಕೆಂಪು, ಸಬ್ ಹೆಡಿಂಗಿಗೆ ಹಸಿರು, ವಿಷಯಕ್ಕೆ ನೀಲಿ, ಇಸವಿಗೆ ಕಪ್ಪು. ಪಾಠ ಶುರುವಾದರೆ ಅವನ ತಲೆ ಮೇಲೇಳುತ್ತಿರಲಿಲ್ಲ. ಒಮ್ಮೆ ಸರ್ ಬಹಮನಿ ಪ್ರಧಾನಿ ಮಹಮೂದ್ ಗವಾನನ ಕಥೆ ಹೇಳುತ್ತಿದ್ದರು. 1472ರಲ್ಲಿ ಬೀದರದಲ್ಲಿ ಮದರಸಾ ಕಟ್ಟಿಸಿದ್ದು, 1481ರಲ್ಲಿ ಸುಳ್ಳು ಪತ್ರವೊಂದನ್ನು ನಂಬಿ ಸುಲ್ತಾನ ಅವನ ತಲೆ ತೆಗೆಸಿದ್ದು. ಕ್ಲಾಸೆಲ್ಲ ಉಸಿರು ಬಿಗಿಹಿಡಿದಿತ್ತು. ನೋಟ್ಸಪ್ಪ ಹಸಿರು ಪೆನ್ನಿನ ಮುಚ್ಚಳ ಹುಡುಕುತ್ತಿದ್ದ. ನಡುವೆ ಸರ್, "ಲೇ, ಖಿಡಕಿ ಮುಚ್ಚೋ, ಧೂಳ ಬರ್ಲತ್ತದ" ಅಂದರು. ಅದೂ ನೀಲಿಯಲ್ಲಿ ದಾಖಲಾಯಿತು.

ಪರೀಕ್ಷೆ ಹತ್ತಿರ ಬಂದಾಗ ಆ ನೋಟ್ಸಿಗೆ ಬಂಗಾರದ ಬೆಲೆ. ಜೆರಾಕ್ಸ್ ಅಂಗಡಿ ಇಲ್ಲದ ಕಾಲ, ಕೈಯಿಂದ ಕೈಗೆ ನಕಲು. ಮೊದಲ ನಕಲಿನಲ್ಲಿ, 'ಕಿಟಕಿ ಮುಚ್ಚು, ಧೂಳು ಬರುತ್ತಿದೆ.' ಎರಡನೆಯವನು ಅದನ್ನು ಭೂತಕಾಲಕ್ಕೆ ತಂದ. ಮೂರನೆಯವನ ಹೊತ್ತಿಗೆ, 'ಗವಾನನ ಕಾಲದಲ್ಲಿ ಧೂಳಿನ ನಿವಾರಣೆಗಾಗಿ ಕಿಟಕಿಗಳನ್ನು ಮುಚ್ಚಲಾಗುತ್ತಿತ್ತು.' ನಾಲ್ಕನೆಯವನು ನಾನು. ಗವಾನನ ಸುಧಾರಣೆಗಳ ಪ್ರಶ್ನೆಗೆ ಅದನ್ನು ಐದನೇ ಅಂಶವಾಗಿ ಬರೆದೆ. ಸರ್ ಕೆಳಗೆ ಗೆರೆ ಎಳೆದು, 'ಮುಚ್ಚಿದವನು ನೀನೇ' ಎಂದು ಬರೆದಿದ್ದರು.

ಮದರಸಾ ತೋರಿಸಲು ಕರೆದೊಯ್ದ ದಿನವಂತೂ ಮರೆಯುವಂಥದ್ದಲ್ಲ. ಔರಂಗಜೇಬನ ಕಾಲದಲ್ಲಿ ಮದ್ದು ಸಿಡಿದು ಕಟ್ಟಡದ ಒಂದು ಭಾಗವೇ ಹಾರಿಹೋಗಿದೆ. ಮುಂದಿದ್ದ ಎರಡು ಮಿನಾರಗಳಲ್ಲಿ ಒಂದೇ ಉಳಿದಿದೆ, ಅದರ ಮೇಲೆ ನೀಲಿ ಬಿಳಿ ಹೆಂಚಿನ ಚೂರುಗಳು ಇನ್ನೂ ಹೊಳೆಯುತ್ತವೆ. ನಾವೆಲ್ಲ ಕತ್ತೆತ್ತಿ ಬಾಯಿ ತೆರೆದು ನಿಂತಿದ್ದೆವು. ನೋಟ್ಸಪ್ಪ ಕಟ್ಟಡಕ್ಕೆ ಬೆನ್ನು ಹಾಕಿ ಪುರಾತತ್ವ ಇಲಾಖೆಯ ಫಲಕವನ್ನು ವಹಿಗೆ ಇಳಿಸಿಕೊಳ್ಳುತ್ತಿದ್ದ.

"ಎಷ್ಟು ಮಿನಾರ ಉಳಿದಾವೋ?" ಸರ್ ಕೇಳಿದರು.

"ತಡೀರಿ ಸರ್, ನೋಡಿ ಹೇಳ್ತೀನಿ" ಎಂದವನು ತಿರುಗಿ ಮಿನಾರ ನೋಡಬಹುದೆಂದು ಕಾದೆವು. ಅವನು ಹಿಂದಿನ ಪುಟ ತಿರುವಿದ.

ಅವನನ್ನು ಪೂರಾ ಬೈಯುವಂತೆಯೂ ಇಲ್ಲ. ನಮ್ಮ ಸೀಮೆಗೆ ಅಕ್ಷರ ಪುಕ್ಕಟೆ ಸಿಕ್ಕಿದ್ದಲ್ಲ. ನಿಜಾಮನ ಕಾಲದಲ್ಲಿ ಶಾಲೆಯ ಭಾಷೆ ಉರ್ದು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಬೇಕಾಯಿತು. ಅಂಥ ಕಡೆ ಬರೆದ ಹಾಳೆಯನ್ನು ಕಣ್ಣಿಗೊತ್ತಿಕೊಳ್ಳುವುದು ಸಹಜ. ನೋಟ್ಸಪ್ಪ ಕಣ್ಣಿಗೊತ್ತಿಕೊಂಡ, ಕಣ್ಣಾಡಿಸಲಿಲ್ಲ. ಏನು ಕೇಳಿದರೂ ಒಂದೇ ಉತ್ತರ: "ನೋಟ್ಸಿನ್ಯಾಗ ಅದ ರೀ ಸರ್."

ನೋಟ್ಸ್ ಹೇಗಿರಬೇಕೆಂದು ನನಗೆ ಗೊತ್ತಾದದ್ದು ಬಸ್ ಸ್ಟ್ಯಾಂಡಿನ ಎದುರಿನ ಕಿರಾಣಿ ಕಾಕಾನಿಂದ. ಅವರ ಉದ್ರಿ ಖಾತೆಯಲ್ಲಿ ಎಡಕ್ಕೆ ಸಣ್ಣ ಪಟ್ಟಿ, ಅಲ್ಲಿ ಹೆಸರು. ಬಲಕ್ಕೆ ತೊಗರಿಬೇಳೆ ಇಷ್ಟು, ಬೆಲ್ಲ ಇಷ್ಟು. ಪುಟದ ಬುಡದಲ್ಲಿ ಒಟ್ಟು ಲೆಕ್ಕ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಪಾಕ್ ಎಂಬ ಪ್ರಾಧ್ಯಾಪಕರು 1950ರ ದಶಕದಲ್ಲಿ ಇದನ್ನೇ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟರು. ಎಡಕ್ಕೆ ಸುಳಿವಿನ ಪದ, ಬಲಕ್ಕೆ ವಿವರ, ಬುಡದಲ್ಲಿ ಸ್ವಂತ ಮಾತಿನ ಸಾರಾಂಶ. ಅದು ಪ್ರಪಂಚದಲ್ಲೆಲ್ಲ 'ಕಾರ್ನೆಲ್ ಪದ್ಧತಿ' ಆಯಿತು. ನಮ್ಮ ಕಾಕಾನದು ಉದ್ರಿಯಾಗಿಯೇ ಉಳಿಯಿತು.

ಗುಟ್ಟಿರುವುದು ಗೆರೆಯಲ್ಲಲ್ಲ, ರಾತ್ರಿಯಲ್ಲಿ. ಅಂಗಡಿ ಮುಚ್ಚುವ ಮುನ್ನ ಕಾಕಾ ಬಲಭಾಗಕ್ಕೆ ಅಂಗೈ ಅಡ್ಡ ಹಿಡಿದು, ಎಡಗಡೆಯ ಹೆಸರಷ್ಟೇ ನೋಡಿ ಬಾಕಿ ಎಷ್ಟೆಂದು ಬಾಯಲ್ಲಿ ಹೇಳುತ್ತಿದ್ದರು. ಆಮೇಲೆ ಕೈ ತೆಗೆದು ತಾಳೆ ನೋಡುತ್ತಿದ್ದರು. "ಅವತ್ತಿಂದು ಅವತ್ತೇ ನೋಡ್ಬೇಕು ತಮ್ಮಾ. ನಾಳಿ ಅಂದ್ರ ತಗೊಂಡಾಂವನೂ ಮರೀತಾನ, ಕೊಟ್ಟಾಂವನೂ ಮರೀತಾನ." ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಕಲಿತದ್ದು ಮೊದಲ ದಿನವೇ ಹೆಚ್ಚು ಸೋರಿಹೋಗುತ್ತದೆ ಎಂದು 1885ರಲ್ಲಿ ಬರೆದ. ಕಾಕಾಗೆ ಅಷ್ಟು ಕಷ್ಟ ಬೀಳಲಿಲ್ಲ, ರೊಕ್ಕ ಸೋರಿದಾಗಲೇ ತಿಳಿದಿತ್ತು.

ಒಂದು ಸಂಜೆ ಕಾಕಾ ನೋಟ್ಸಪ್ಪನ ವಹಿ ತೆರೆದು ನೋಡಿದರು. ನಾಲ್ಕು ಬಣ್ಣ, ಮುತ್ತಿನಂಥ ಅಕ್ಷರ. "ಭಾಳ ಛಲೋ ಬರ್ದಿದಿ. ವಸೂಲಿ ಎಷ್ಟಾಯ್ತು?" ಅಂದರು. ನೋಟ್ಸಪ್ಪ ಆ ಮಾತನ್ನು ಕೂಡಲೇ ಕೆಂಪು ಪೆನ್ನಿನಲ್ಲಿ ಬರೆದುಕೊಂಡ.

2013ರಲ್ಲಿ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದು ನಮ್ಮ ಭಾಗಕ್ಕೆ ನೌಕರಿಯ ಮೀಸಲಾತಿ ಸಿಕ್ಕ ಮೇಲೆ ನೋಟ್ಸಪ್ಪನ ಸಂತತಿ ಬೆಳೆದಿದೆ. ಹೊಸ ತಲೆಮಾರಿನವನು ಪೆನ್ನು ಬಿಟ್ಟಿದ್ದಾನೆ. ಬೋರ್ಡಿನ ಫೋಟೋ ಹೊಡೆಯುತ್ತಾನೆ, ಧಾರವಾಡದ ಸಪ್ತಾಪುರದ ಕೋಚಿಂಗ್ ನೋಟ್ಸಿನ ಪಿಡಿಎಫ್ ತರಿಸಿಕೊಳ್ಳುತ್ತಾನೆ. ಮೊಬೈಲು ತುಂಬಿತೆಂದು ದೊಡ್ಡ ಮೆಮೊರಿ ಕಾರ್ಡು ಹಾಕಿಸಿದ್ದಾನೆ. ತನ್ನ ತಲೆಗಲ್ಲ, ಮೊಬೈಲಿಗೆ.

ಕಾಕಾನ ಲೆಕ್ಕದಲ್ಲಿ ಹೇಳುವುದಾದರೆ, ತಿರುಗಿ ನೋಡದ ನೋಟ್ಸು ವಸೂಲಾಗದ ಉದ್ರಿ. ನೀವೂ ಇದನ್ನು ಬರೆದುಕೊಳ್ಳಲು ಪೆನ್ನು ಹುಡುಕುತ್ತಿದ್ದರೆ ದಯವಿಟ್ಟು ಬಿಡಿ. ಪುಟದ ಮೇಲೆ ಅಂಗೈ ಇಟ್ಟು ಹೇಳಿ, ಎಷ್ಟು ಮಿನಾರ ಉಳಿದಾವ?